ಮೂಗು ಮೇಷ್ಟ್ರು ಮೂಸಿದ ಗಾಡಿ

ಮೂಗು ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಗಾಡಿ ರಿಪೇರಿ ಮಾಡುವವರು. ಪೆಟ್ರೋಲು ಎಲ್ಲಿ ಸೋರುತ್ತಿದೆ, ಏಕೆ ಸೋರುತ್ತಿದೆ ಎಂಬುದನ್ನು ಕಣ್ಣು ಮುಚ್ಚಿ ಒಮ್ಮೆ ಮೂಸಿ ಹೇಳಿಬಿಡುತ್ತಿದ್ದರು. ಹೇಳಿದ ಮೇಲೆ ಅರ್ಧ ಗಂಟೆ ಉಪನ್ಯಾಸವನ್ನೂ ಕೊಡುತ್ತಿದ್ದರು. ಹೆಸರಿನ ಎರಡು ತುಂಡುಗಳೂ ಹೀಗೆ ಬಂದು ಸೇರಿದ್ದವು. ಶೆಡ್ಡಿನ ಬಾಗಿಲ ಮೇಲೆ 'ಮೂಸಿ ನೋಡಲಾಗುವುದು' ಎಂಬ ಬೋರ್ಡು. ಅದರ ಕೆಳಗೆ ಸ್ವಂತ ಮೂಗಿನ ಚಿತ್ರವನ್ನೂ ಬರೆದಿದ್ದರು. ಅದು ಬದನೆಕಾಯಿಯಂತೆ ಬಂದದ್ದರಿಂದ ಒರೆಸಿ ಹಾಕಿದ್ದರು.

ಆ ಮೂಗು ಏಳು ತಿಂಗಳ ಹಿಂದೆ ಒಂದು ಮಾಮೂಲಿ ಜ್ವರದಲ್ಲಿ ತೀರಿಕೊಂಡಿತು. ಜ್ವರ ಬಿಟ್ಟಿತು, ವಾಸನೆ ಮರಳಲಿಲ್ಲ. ಸೋಪು, ಪೆಟ್ರೋಲು, ಹುರಿದ ಈರುಳ್ಳಿ ಎಲ್ಲವೂ ಬರೀ ಗಾಳಿ. ಮೇಷ್ಟ್ರು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಿಟ್ಟರೆ ಬೋರ್ಡು ಇಳಿಸಬೇಕು. ಬೋರ್ಡು ಇಳಿದರೆ ಊರಿನಲ್ಲಿ ಆಗಲೇ ಇರುವ ನಾಲ್ವರು ರಿಪೇರಿಯವರ ಸಾಲಿನಲ್ಲಿ ತಾವು ಐದನೆಯವರು.

ಅದಕ್ಕೊಂದು ಉಪಾಯ ಸಿಕ್ಕಿತ್ತು. ದಿನಾ ಹನ್ನೊಂದಕ್ಕೆ ಹೆಂಡತಿ ಶೆಡ್ಡಿಗೆ ಟೀ ತರುತ್ತಿದ್ದಳು. ಅವಳು ಮೂಗು ಮುರಿದರೆ ಸೋರಿಕೆ ಇದೆ, ಮುರಿಯದಿದ್ದರೆ ಇಲ್ಲ. ಓರೆಗಣ್ಣಿನಲ್ಲಿ ಅವಳ ಮುಖ ನೋಡಿಕೊಂಡು, ಆಮೇಲೆ ಗಂಭೀರವಾಗಿ ಬಗ್ಗಿ ಮೂಸಿ ಮೇಷ್ಟ್ರು ತೀರ್ಪು ಕೊಡುತ್ತಿದ್ದರು.

ಆ ದಿನ ಹೆಂಡತಿ ತಂಗಿಯ ಮನೆಗೆ ಹೋಗಿದ್ದಳು. ಹತ್ತು ಗಂಟೆಗೆ ನಿವೃತ್ತ ಲೈನ್‌ಮನ್ ತನ್ನ ಎಟಿವಿ ತಂದು ನಿಲ್ಲಿಸಿದ. ಬೈಕಿಗೆ ನಾಲ್ಕು ದಪ್ಪ ಚಕ್ರ ಸಿಕ್ಕಿಸಿದಂಥ ಹಳೆಯ ಗಾಡಿ. ಅವನ ಒಂದು ಕಾಲು ಕಂಬದಿಂದ ಬಿದ್ದಂದಿನಿಂದ ಮಡಚುತ್ತಿರಲಿಲ್ಲ. ಗುಡ್ಡದ ಮೇಲಿನ ಮನೆ ಮುಟ್ಟಲು ಈ ಗಾಡಿಯೇ ಅವನ ಕಾಲು.

"ಕಾರ್ಬ್ಯುರೇಟರು ತೊಟ್ಟಿಕ್ತಾ ಇದೆ ಮೇಷ್ಟ್ರೇ. ಒಂದ್ಸಲ ಮೂಗು ಹಾಕಿ."

ಮೇಷ್ಟ್ರು ಬಗ್ಗಿದರು, ಕಣ್ಣು ಮುಚ್ಚಿದರು, ಎದೆ ತುಂಬ ಗಾಳಿ ಎಳೆದುಕೊಂಡರು. "ಸೂಜಿ ಸವೆದಿದೆ. ನೋಡೋದೇ ಬೇಡ."

ಉಪನ್ಯಾಸ ಶುರುವಾಯಿತು. ಕಾರ್ಬ್ಯುರೇಟರಿನ ಬಟ್ಟಲಿಗೆ ಪೆಟ್ರೋಲು ತುಂಬಿದಾಗ ಒಳಗಿನ ಹಿತ್ತಾಳೆಯ ತೇಲುಬುರುಡೆ ಮೇಲೇರಿ ಸೂಜಿಯನ್ನು ಒತ್ತುತ್ತದೆ, ಸೂಜಿ ದಾರಿ ಮುಚ್ಚುತ್ತದೆ. ಸೂಜಿ ಸವೆದರೆ ಬಟ್ಟಲು ಉಕ್ಕುತ್ತದೆ. ಮಾತು ಮುಗಿಯುವಷ್ಟರಲ್ಲಿ ಹೊಸ ಸೂಜಿ ಕೂತಿತ್ತು. ಬುರುಡೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡುವುದು ಕಲಿಯುವವರ ಕೆಲಸ ಎಂದು ಮೇಷ್ಟ್ರು ಬಿಟ್ಟಿದ್ದರು. ಪೆಟ್ರೋಲು ಬಿಡುವ ನಲ್ಲಿಯನ್ನು ತಿರುಗಿಸಿ, ಒಂದು ನಿಮಿಷ ಕಾದು, ಮತ್ತೆ ಮೂಸಿ "ಒಂದು ತೊಟ್ಟಿಲ್ಲ" ಎಂದರು.

ಲೈನ್‌ಮನ್‌ಗೆ ನೆಗಡಿ ಬೇರೆ. ಮೇಷ್ಟ್ರ ಮೂಗಿನ ಮೇಲೆ ನಂಬಿಕೆಯಿಟ್ಟು ಗಾಡಿಯ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಮಾತಿಗಿಳಿದ. ಸ್ವಲ್ಪ ಹೊತ್ತಿಗೆ ಸಿಗರೇಟು ಬಾಯಿಗಿಟ್ಟು ಬೆಂಕಿಪೊಟ್ಟಣ ತೆಗೆದ.

"ಅಯ್ಯೋ, ಗೀರ್ಬೇಡಿ!" ತಂಗಿಯ ಮನೆಯಿಂದ ಆಗಷ್ಟೇ ಮರಳಿದ ಹೆಂಡತಿ ಗೇಟಿನಲ್ಲೇ ಚೀಲ ಎಸೆದು ಓಡಿ ಬಂದಳು. "ರೀ, ಬೀದಿಗೆಲ್ಲ ಪೆಟ್ರೋಲು ನಾರ್ತಿದೆ!"

ಮೇಷ್ಟ್ರು ಕೆಳಗೆ ನೋಡಿದರು. ಎಂಜಿನ್ನಿನ ಅಡಿಯ ತಗಡಿನ ಮೇಲೆ ಪೆಟ್ರೋಲು ಅಂಗೈ ಅಗಲಕ್ಕೆ ನಿಂತಿತ್ತು. ಅಲ್ಲಿಂದ ಸ್ಟೂಲಿಗೆ ಒಂದು ಗೇಣು.

"ಮೇಷ್ಟ್ರೇ, ನೀವು ಈಗಷ್ಟೇ ಮೂಸಿದ್ರಲ್ಲಾ?"

ನೆಗಡಿ ಎನ್ನಬಹುದಿತ್ತು, ಅದನ್ನು ಲೈನ್‌ಮನ್ ಆಗಲೇ ತೆಗೆದುಕೊಂಡಿದ್ದ. ಅವನ ಬೆರಳುಗಳ ನಡುವೆ ಗೀರದ ಕಡ್ಡಿ ಇನ್ನೂ ಇತ್ತು.

"ನಂಗೆ ವಾಸನೆ ಬರಲ್ಲ ಕಣಣ್ಣಾ. ಏಳು ತಿಂಗಳಾಯ್ತು."

ಲೈನ್‌ಮನ್ ಕಡ್ಡಿಯನ್ನು ಪೊಟ್ಟಣದೊಳಗೆ ಹಾಕಿದ. ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಸೀದುಹೋದ ಅನ್ನ ಉಂಡು ಘಮ್ ಅಂತಿದೆ ಅಂದ್ರಲ್ಲ, ಅವತ್ತೇ. ಇಲ್ದಿದ್ರೆ ದಿನಾ ಟೀ ಹೊತ್ಕೊಂಡು ಬಂದು ಇಲ್ಲಿ ಮುಖ ಸಿಂಡರಿಸ್ತಾ ನಿಲ್ಲೋಕೆ ನಂಗೇನು ಹುಚ್ಚಾ?"

ಮೇಷ್ಟ್ರು ನಲ್ಲಿ ಮುಚ್ಚಿ, ನಿಂತ ಪೆಟ್ರೋಲು ಒರೆಸಿ, ಕಾರ್ಬ್ಯುರೇಟರು ಮತ್ತೆ ಬಿಚ್ಚಿದರು. ಈ ಸಲ ಉಪನ್ಯಾಸವಿರಲಿಲ್ಲ. ಬುರುಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕುಳುಕುಳು. ಪೆಟ್ರೋಲು ಕುಡಿದ ಬುರುಡೆ ತೇಲುವುದಾದರೂ ಹೇಗೆ? ಅಂಗಳದಲ್ಲಿ ಬಿಸಿನೀರಿನ ಪಾತ್ರೆಗೆ ಅದ್ದಿದಾಗ ಅಂಚಿನ ಕೂದಲೆಳೆಯಂಥ ಬಿರುಕಿನಿಂದ ಗುಳ್ಳೆಗಳು ಎದ್ದವು. ಒಳಗಿನದೆಲ್ಲ ಹೊರಬರುವವರೆಗೂ ಕಾದು, ಒಣಗಿಸಿ, ಬೆಸುಗೆ ಹಾಕಿ ಕೂರಿಸಿದರು. ನಲ್ಲಿ ತಿರುಗಿಸಿ ಕಾಗದ ಹಾಸಿ ಕಾಲು ಗಂಟೆ ಕಾದರು. ಕಾಗದ ಒಣಗಿಯೇ ಇತ್ತು. ಅಷ್ಟು ಚೊಕ್ಕವಾದ ಕೆಲಸವನ್ನು ಮೇಷ್ಟ್ರು ಮೂಗಿದ್ದಾಗಲೂ ಮಾಡಿದವರಲ್ಲ.

ಲೈನ್‌ಮನ್ ಗಾಡಿ ಹತ್ತಿದ. ಹತ್ತಿದವನು ಮತ್ತೆ ಇಳಿದ. ಮಡಚದ ಕಾಲನ್ನು ಪಕ್ಕಕ್ಕೆ ಚಾಚಿ, ಸೀಟು ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ಕಟ್ಟಿದ ಮೂಗಿನಲ್ಲೇ ಎರಡು ಸಲ ಮೂಸಿದ. ಇಷ್ಟು ವರ್ಷದಲ್ಲಿ ಆ ಶೆಡ್ಡಿನೊಳಗೆ ಗಿರಾಕಿಯೊಬ್ಬ ತಾನೇ ಬಗ್ಗಿ ಮೂಸಿದ್ದು ಅದೇ ಮೊದಲು.

"ಸರಿಯಾಗಿದೆ ಬಿಡಿ," ಎಂದ, ಮೇಷ್ಟ್ರ ಮುಖ ನೋಡದೆ.

ಗಾಡಿಯ ಸದ್ದು ಗುಡ್ಡ ಹತ್ತಿ ಮರೆಯಾಯಿತು. ಹೆಂಡತಿ ಟೀ ತಂದಳು. ಮೇಷ್ಟ್ರು ಅಭ್ಯಾಸದಂತೆ ಓರೆಗಣ್ಣಿನಲ್ಲಿ ಅವಳ ಮುಖ ನೋಡಿದರು. ಗಂಡನ ಗುಟ್ಟು ಬಯಲಾದದ್ದಕ್ಕೆ ಮನೆಯೊಳಗೆ ಅತ್ತು ಬಂದಿದ್ದಳು. ಅವಳ ಮೂಗೂ ಕಟ್ಟಿತ್ತು.