ಮೊದಲು ವಾಹನ, ಆಮೇಲೆ ಚಾಲಕ

ಕಚೇರಿಯಲ್ಲಿ ಎಲ್ಲಕ್ಕೂ ಸರತಿ ಸರತಿ ಎನ್ನುವ ನಮ್ಮ ಹಿರಿಯ ಸಹೋದ್ಯೋಗಿಗೆ ಸರತಿಯಕ್ಕ ಎಂದು ಹೆಸರಿಟ್ಟವಳು ನಾನೇ. ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಅವರ ಮನೆಯಲ್ಲಿ ಅತ್ತೆ, ಗಂಡ, ಇಬ್ಬರು ಹೆಣ್ಣುಮಕ್ಕಳು, ಒಂದೇ ಬಚ್ಚಲು, ಅಲ್ಲೂ ಸರತಿಯಂತೆ.

ಆಂಬುಲೆನ್ಸ್ ಕಳಿಸುವ ತಂತ್ರಾಂಶ ನಮ್ಮದು. ಅದರಲ್ಲಿ ಒಂದೇ ಹೊತ್ತಿಗೆ ಹತ್ತಾರು ಕೆಲಸ ಓಡುತ್ತಿರುತ್ತವೆ. ಒಂದು ಕೆಲಸ ವಾಹನಗಳ ಪಟ್ಟಿಯನ್ನೋ ಚಾಲಕರ ಪಟ್ಟಿಯನ್ನೋ ತಿದ್ದುವಾಗ ಇನ್ನೊಂದು ಅದಕ್ಕೆ ಕೈಹಾಕದಂತೆ ಲಾಕ್ ಹಾಕುತ್ತೇವೆ. ಎರಡು ಲಾಕ್ ಬೇಕಾದರೆ ಮೊದಲು ವಾಹನದ್ದು, ಆಮೇಲೆ ಚಾಲಕರದ್ದು. ಇದು ಅಕ್ಕನ ಕಟ್ಟಪ್ಪಣೆ.

"ಯಾವುದು ಮೊದಲಾದ್ರೇನಕ್ಕಾ, ಎರಡೂ ಸಿಕ್ಕಿದ್ರೆ ಸಾಲ್ದಾ?" ಎಂದು ಒಮ್ಮೆ ರೇಗಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ.

ಅವರು ನನ್ನ ಕೈಗೆ ಕತ್ತರಿ ಕೊಟ್ಟು, ತಾವು ಟೇಪ್ ಹಿಡಿದರು. "ನಿಂಗೆ ಟೇಪ್ ಬೇಕು, ನಂಗೆ ಕತ್ತರಿ ಬೇಕು. ಕೈಲಿರೋದನ್ನ ಇಬ್ರೂ ಬಿಡಲ್ಲ. ಬಾ, ಸಾಯಂಕಾಲದವರೆಗೂ ಮುಖ ಮುಖ ನೋಡ್ಕೊಂಡು ಕೂರೋಣ." ನಗು ಬಂತು, ತೋರಿಸಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ತಂತ್ರಾಂಶವೇ ಹಾಗೆ ಕೂತುಬಿಟ್ಟಿತು. ಹನ್ನೊಂದು ನಿಮಿಷ ಒಂದೂ ವಾಹನ ಹೊರಡಲಿಲ್ಲ. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ತಂತ್ರಾಂಶದ ಕೋಡನ್ನು ಕೊನೆಯದಾಗಿ ಮುಟ್ಟಿದವಳು ನಾನು. ಇನ್ನೇನು, ಎಲ್ಲರ ಬೆರಳೂ ನನ್ನ ಕಡೆಗೇ.

"ಅವಳು ಬರೆದಿದ್ದನ್ನ ತೆಗೀರಿ. ಅವಳನ್ನ ಏನ್ ಮಾಡೋದು ಅಂತ ಸಂಜೆ ನೋಡೋಣ," ಎಂದರು ಮ್ಯಾನೇಜರ್. ಕೆಲಸ ಹೋಯಿತೆಂದೇ ಶೌಚಾಲಯದಲ್ಲಿ ನಿಂತು ಅತ್ತೆ.

ಸಂಜೆಯ ಸಭೆಯಲ್ಲಿ ಅಕ್ಕ ಬೋರ್ಡಿನ ಮೇಲೆ ಎರಡು ಸಾಲು ಬರೆದರು. ನನ್ನ ಕೋಡಿನದು: ವಾಹನ, ಚಾಲಕ. ಪಾಳಿ ಬದಲಾಗುವಾಗಷ್ಟೇ ಓಡುವ, ಎಂಟು ವರ್ಷ ಹಳೆಯ ಕೋಡಿನದು: ಚಾಲಕ, ವಾಹನ.

"ಇವಳದ್ದು ಸರಿಯಾಗಿದೆ. ತಪ್ಪಿರೋದು ಇಲ್ಲಿ. ಇಷ್ಟು ದಿನ ಎರಡೂ ಒಂದಕ್ಕೊಂದು ಅಡ್ಡ ಬರ್ಲಿಲ್ಲ, ಅದೃಷ್ಟ ಕಾಪಾಡ್ತು."

"ಅದ್ಯಾರ ಘನಕಾರ್ಯ?" ಎಂದರು ಮ್ಯಾನೇಜರ್.

"ನಂದೇ," ಎಂದರು ಅಕ್ಕ.

ನನ್ನ ಕೆಲಸ ಉಳಿಯಿತು. ಮುಂದಿನ ತಿಂಗಳು ಅಕ್ಕನಿಗೆ ಸಿಗಬೇಕಿದ್ದ ಮುಖ್ಯಸ್ಥರ ಹುದ್ದೆ ಬೇರೆಯವರ ಪಾಲಾಯಿತು. ನನಗೆ ಅನ್ನ ಸೇರಲಿಲ್ಲ. ಹೋಗಿ ಕೇಳಿಯೇಬಿಟ್ಟೆ.

"ಯಾಕಕ್ಕಾ ಹೇಳಿದ್ರಿ? ಅಷ್ಟು ಹಳೇದನ್ನ ಯಾರು ನೋಡ್ತಿದ್ರು? ನನ್ನ ಉಳಿಸೋಕೆ ಹೋಗಿ ನೀವು..."

"ನಿನ್ನ ಉಳಿಸೋಕಾ? ಅಯ್ಯೋ ಹುಚ್ಚಿ, ಅಷ್ಟು ದೊಡ್ಡ ಮನಸ್ಸು ನಂಗಿಲ್ಲ ಕಣೇ," ಎಂದು ನಕ್ಕರು. ಆಮೇಲೆ ನಗು ನಿಂತಿತು. "ನಿನ್ನ ಮನೆಗೆ ಕಳಿಸಿದ್ರೂ ನನ್ನ ತಪ್ಪು ಅಲ್ಲೇ ಇರ್ತಿತ್ತಲ್ಲೇ. ಇನ್ನೊಂದು ದಿನ ಯಾರೋ ತಾಯಿ ಮಗೂನ ಎತ್ಕೊಂಡು, ಗಾಡಿ ಈಗ ಬರುತ್ತೆ, ಈಗ ಬರುತ್ತೆ ಅಂತ ಬಾಗಿಲಲ್ಲಿ ನಿಂತಿರೋಳು."