ಬಾಯಿ ಮೂಸುವ ದೋಣಿಯವನು

ಪುಣೆಯಲ್ಲಿ ದೋಣಿ ಹತ್ತಬೇಕಾದರೆ ಬಾಯಿ ತೆರೆದು ಉಸಿರು ಬಿಡಬೇಕು. ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದ ನನಗೇ ದೋಣಿಯವನು, ‘ಆಜಿ, ಹಾ ಅನ್ನಿ’ ಎಂದು ಮರಾಠಿಯಲ್ಲಿ ಹೇಳಿ ಮೂಗು ಮುಂದೆ ತಂದ. ಆಜಿ ಎಂದರೆ ಇಲ್ಲಿ ಅಜ್ಜಿ. ಎಲೆಅಡಿಕೆಯ ವಾಸನೆ ಬಿಟ್ಟು ಅವನಿಗೆ ಇನ್ನೇನು ಸಿಗಬೇಕು?

ಆವತ್ತು ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಎಷ್ಟೋ ವರ್ಷ ಕಾದ ಮೇಲೆ ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ. ಅದನ್ನು ಆಡಿಸಲೆಂದೇ ಕೃಷ್ಣೆಯ ದಂಡೆ ಬಿಟ್ಟು ಪುಣೆಯ ಕೊಂಢವಾ ಬಡಾವಣೆಯ ನಾಲ್ಕನೇ ಮಹಡಿಗೆ ಬಂದೆ. ಊರಲ್ಲಿ ಬಾಗಿಲು ಹಾಕಿದರೆ ಯಾಕೆಂದು ಕೇಳುತ್ತಿದ್ದರು, ಇಲ್ಲಿ ತೆರೆದರೆ ಕೇಳುತ್ತಾರೆ. ಮಾತಿಗೆ ಜನ ಇಲ್ಲ. ಆದರೂ ಮರಾಠಿಯಲ್ಲಿ ಜಗಳಾಡಿ ಕೊತ್ತಂಬರಿ ಪುಕ್ಕಟೆ ಇಸಿದುಕೊಳ್ಳುವಷ್ಟು ಕಲಿತಿದ್ದೇನೆ.

ನಮ್ಮ ಮನೆತನದಲ್ಲಿ ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಹೊಳೆ ದಾಟಿಸಿ ಗಂಗವ್ವನಿಗೆ ತೋರಿಸುವ ಪದ್ಧತಿ. ದೋಣಿಯ ಮೂತಿಗೆ ಒಂದಿಷ್ಟು ಸರಾಯಿ ಚಿಮುಕಿಸಿ ಉಳಿದದ್ದನ್ನು ಗಂಡಸರು ಹಂಚಿಕೊಳ್ಳುತ್ತಾರೆ. ಹುಟ್ಟು ಹಾಕುವವನ ಪಾಲು ಮಾತ್ರ ದಡದಲ್ಲೇ ಮುಚ್ಚಿಟ್ಟಿರುತ್ತದೆ, ಮರಳಿ ಬಂದ ಮೇಲೆಯೇ ಅವನಿಗೆ. ಅಲ್ಲಿ ಯಾವ ಬೋರ್ಡೂ ಇಲ್ಲ. ಇಲ್ಲಿ, ಊರಾಚೆಯ ಹಿನ್ನೀರಿನಲ್ಲಿ, ದೊಡ್ಡ ಬೋರ್ಡು. ಮಗಳು ಓದಿ ಹೇಳಿದಳು: ಕುಡಿದು ದೋಣಿ ನಡೆಸುವುದು ಅಪರಾಧ, ಕುಡಿದವರು ಹತ್ತುವಂತಿಲ್ಲ, ಬಾಟಲಿ ಒಯ್ಯುವಂತಿಲ್ಲ.

ಪುಣೆ ಹತ್ತಿರದ ಶಿರೂರಿನಿಂದ ಬಂದ ಬೀಗರಲ್ಲಿ ಅಳಿಯನ ಕಾಕಾ ಕಾರಿನಲ್ಲೇ ಏರಿಸಿಕೊಂಡಿದ್ದರು. ಮೂಲ ಬೆಳಗಾವಿಯವರು, ಮಾತು ಕನ್ನಡವೇ. ದೋಣಿಯವನು ಅವರನ್ನು ತಡೆದ. ಅವರು ಅವನ ಹೆಗಲ ಮೇಲೆ ಕೈ ಹಾಕಿ, ನೀನು ನಮ್ಮ ಕಡೆಯವನೇ ಎಂದು ಗುರುತು ತೆಗೆದು ಒಪ್ಪಿಸಿಬಿಟ್ಟರು. ಒಂದು ಕಾಲು ದೋಣಿಯಲ್ಲಿಟ್ಟು, ಓಲಾಡುತ್ತ, ಕೂಸನ್ನು ನಾನೇ ಎತ್ತಿಕೊಂಡು ಕೂರುತ್ತೇನೆ ಎಂದು ಕೈ ಚಾಚಿದರು. ಮಗಳು ನನ್ನ ಸೆರಗು ಜಗ್ಗಿದಳು. ಬೀಗರು ಮುನಿಸಿಕೊಂಡರೆ ಮಾತು ಕೇಳಬೇಕಾದವಳು ಅವಳು.

ನಾನು ಕೂಸು ಕೊಡಲಿಲ್ಲ.

“ಕಾಕಾ, ಮೊದ್ಲ ನೀವು ಗಟ್ಟ್ಯಾಗಿ ನಿಂದರ್ರಿ, ಆಮ್ಯಾಲ ಕೂಸಿನ ಮಾತು.”

“ಏನ್ರಿ ಬೀಗ್ತ್ಯಾರ, ಎರಡ್ ಗುಟುಕಿಗೆ ದೋಣಿ ಮುಳಗತದೇನ್ರಿ? ನಿಮ್ಮ ಬುಟ್ಟ್ಯಾಗ ಏನದ, ಅದನ್ನೂ ತೋರಸ್ರಿ ಅವಗ.”

ನಮ್ಮ ಪದ್ಧತಿ ಬೀಗರಿಗೆಲ್ಲ ಮೊದಲೇ ಹೇಳಿದ್ದೆ, ಅವರ ಮಾತು ಖರೆ. ಹೂವು ಕಾಯಿಗಳ ಕೆಳಗೆ ಗಂಗವ್ವನಿಗೆಂದು ನಾನೇ ತಂದಿದ್ದ ಸಣ್ಣ ಬಾಟಲಿ ಇತ್ತು. ಎಲ್ಲರೂ ನಕ್ಕರು. ಅದನ್ನು ಇಟ್ಟುಕೊಂಡರೆ ಅವರನ್ನು ತಡೆಯುವ ಬಾಯಿ ನನಗಿಲ್ಲ. ಬಿಟ್ಟರೆ ನನ್ನ ಅವ್ವ, ಅವಳ ಅವ್ವ ನಡೆಸಿಕೊಂಡು ಬಂದದ್ದು ಹೋಗುತ್ತದೆ. ಮುಚ್ಚಳ ತಿರುವಿ ಅಲ್ಲೇ ಮಣ್ಣಿಗೆ ಸುರಿದೆ.

“ನಂದು ಹೋತು. ಈಗ ನೀವು ಇಳೀರಿ,” ಅಂದೆ.

ಅಳಿಯ ಮುಂದೆ ಬಂದು ಕಾಕಾನ ತೋಳು ಹಿಡಿದು ದಡಕ್ಕೆ ಇಳಿಸಿಕೊಂಡ.

ಬುಟ್ಟಿಯ ಕಾಯಿ ಒಡೆದು ಅದರ ನೀರನ್ನೇ ದೋಣಿಯ ಮೂತಿಗೆ ಚಿಮುಕಿಸಿದೆ. ಆಚೆ ದಡದಲ್ಲಿ ಪುಟ್ಟ ಪಾದ ನೀರಿಗೆ ತಾಗಿಸಿದರೆ ಕೂಸು ಕಾಲು ಬಡಿದು ಕೇಕೆ ಹಾಕಿತು. ನಾನೂ ಹಾಕಿದೆ, ನಾಚಿಕೆ ಯಾಕೆ?

ಕಾಕಾ ಊಟ ಮಾಡದೆ ಶಿರೂರಿಗೆ ಹೋದರು. ಮಗಳು ಇನ್ನೂ ಮುಖ ಕೊಟ್ಟು ಮಾತಾಡಿಲ್ಲ. ಊರಿಗೆ ಫೋನು ಮಾಡಿದರೆ ತಂಗಿ, ಪುಣೆಗೆ ಹೋಗಿ ಗಂಗವ್ವನ ಪಾಲು ಮಣ್ಣಿಗೆ ಹಾಕಿದೆಯಲ್ಲ ಎಂದು ಬೈದಳು. ಇಲ್ಲಿಯ ಬೀಗರು ಹಳ್ಳಿಯವಳ ಹಠ ಎನ್ನುತ್ತಾರಂತೆ. ಅಲ್ಲಿಯವರಿಗೆ ನಾನು ಪುಣೆಯವಳಾದೆ, ಇಲ್ಲಿಯವರಿಗೆ ಹಳ್ಳಿಯವಳಾಗಿಯೇ ಉಳಿದೆ. ಇಬ್ಬರೂ ಅನ್ನಲಿ. ನನ್ನ ಮೊಮ್ಮಗಳು ಒಣ ಅಂಗಿಯಲ್ಲಿ ಮನೆಗೆ ಬಂದಳು.