ಕಂಚಿ ಬೇಡವೆಂದ ಮೇಲೆ

"ನಿಮಗೆ ಕಂಚಿ ಬೇಕಾ ಅಕ್ಕ? ನನ್ನ ತಾಯಿಮನೆಯಲ್ಲಿ ತುಂಬಾ ಉಂಟು. ನಾಳೆ ನಾಲ್ಕು ತರ್ತೇನೆ."

ತೋಡಾರಿನ ಬಾಡಿಗೆ ಮನೆಗೆ ಬಂದು ಇನ್ನೂ ವಾರವಾಗಿರಲಿಲ್ಲ. ಬೇಲಿಯಾಚೆಯಿಂದ ಹೀಗೆ ಕೇಳಿದ ಸಫಿಯಾರ ಗಂಡನಿಗೆ ಮೂಡುಬಿದಿರೆಯಲ್ಲಿ ಬಟ್ಟೆ ಅಂಗಡಿ. ಗುರುತಿಲ್ಲದವಳಿಗೆ ನಾಲ್ಕು ಕಂಚಿ ಸೀರೆಯೇ! ಗಾಬರಿಯಾಗಿ, "ಬ್ಯಾಡ್ರೀ, ಅಷ್ಟು ದುಬಾರಿದು ನನಗ್ಯಾಕ್ರೀ," ಎಂದೆ.

"ಮರದಲ್ಲಿ ಆಗುವುದಕ್ಕೆ ಎಂಥ ದುಬಾರಿ ಮಾರಾಯ್ರೆ?" ಅವರ ಮುಖ ಸಣ್ಣದಾಯಿತು.

ನಗಬೇಡಿ, ನಮ್ಮ ಕಡೆಯ ಯಾರೇ ಆಗಿದ್ದರೂ ಹಾಗೇ ತಿಳಿಯುತ್ತಿದ್ದರು. ನಾನು ಇಂಡಿಯವಳು, ಲಿಂಬೆಯ ಸೀಮೆಯವಳು. ಬ್ಯಾಂಕಿನ ವರ್ಗಾವಣೆ ಎತ್ತಿ ತಂದು ಇಲ್ಲಿ ಹಾಕಿತ್ತು. ಹುಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಜಂಬವನ್ನು ಮರುದಿನ ಬಂದ ಹಣ್ಣು ಇಳಿಸಿತು. ಕಿತ್ತಳೆಯ ಗಾತ್ರ, ಒರಟು ಸಿಪ್ಪೆ, ಹುಳಿಯ ಹಿಂದೆಯೇ ನಾಲಿಗೆ ಹಿಡಿಯುವ ಕಹಿ. ನಮ್ಮ ಲಿಂಬೆ ಹಿಂಡಿದರೆ ಮುಗಿಯಿತು. ಇದನ್ನು ಹೆಚ್ಚಿ ಉಪ್ಪಿನಲ್ಲಿಟ್ಟು ವಾರಗಟ್ಟಲೆ ಕಾಯಬೇಕು. ಕಾಯುವುದು ನನಗೆ ಬರುವುದಿಲ್ಲ. ದಿನಾ ಭರಣಿಯ ಮುಚ್ಚಳ ತೆಗೆದು ರುಚಿ ನೋಡಿ ಮುಖ ಕಿವುಚಿಕೊಳ್ಳುತ್ತಿದ್ದೆ.

"ಮುಟ್ಟಬೇಡಿ ಅಕ್ಕ, ಹಾಳಾಗ್ತದೆ. ಕಹಿ ಅದರಷ್ಟಕ್ಕೇ ಇಳೀತದೆ," ಎಂದು ಸಫಿಯಾ ಗದರುತ್ತಿದ್ದರು.

ಕಹಿ ಇಳಿದ ಮೇಲೆ ಇಂಥ ಹಣ್ಣುಗಳ ಹುಚ್ಚು ಹತ್ತಿತು. ರಜೆ ಬಂದರೆ ಮನೆಯಲ್ಲಿ ನಿಲ್ಲಲಾಗದೆ ಸ್ಕೂಟರ್ ಏರಿ ವೇಣೂರಿನವರೆಗೂ ಹೋಗುತ್ತಿದ್ದೆ. ಒಮ್ಮೆ ತಲೆಯಷ್ಟು ದೊಡ್ಡ ಚಕ್ಕೋತ, ಒಮ್ಮೆ ತಿರುಳಿಗಿಂತ ಸಿಪ್ಪೆಯೇ ಹೆಚ್ಚಿದ್ದ ಮಾದಲ. ಅಂಗಡಿಯವರು ತುಳು ಮಾತಾಡಿದರೆ ಹಣ್ಣು ತೋರಿಸಿ ನಕ್ಕುಬಿಡುತ್ತಿದ್ದೆ. ಮನೆಗೆ ತಂದು ಒಬ್ಬಳೇ ಸುಲಿದು ತಿನ್ನುವಾಗ ಮಾತ್ರ ಊರು ನೆನಪಾಗುತ್ತಿತ್ತು. ವಾಪಸ್ ಊರಿಗೆ ವರ್ಗ ಕೇಳಿ ಅರ್ಜಿ ಹಾಕಲು ಸಂಕ್ರಾಂತಿಯ ತಿಂಗಳು ಮುಗಿಯುವವರೆಗೆ ಅವಕಾಶವಿತ್ತು. ಹಾಕುತ್ತೇನೆ ಎಂಬ ಒಂದು ಮಾತಿಗಾಗಿ ಅವ್ವ ಕಾದಿದ್ದಳು.

ಹಬ್ಬಕ್ಕೆ ಇಂಡಿಗೆ ಹೋದೆ. ಅವ್ವ ಬಿಸಿ ಬೇಳೆಗೆ ಲಿಂಬೆ ಹಿಂಡಿ ಬಡಿಸಿದಳು. ದಾರಿಯುದ್ದಕ್ಕೂ ಆಸೆಪಟ್ಟು ಬಂದ ರುಚಿ. ಉಂಡರೆ ಏನೋ ಕಡಿಮೆಯೆನಿಸಿತು.

"ಕಂಚಿ ಇದ್ದಿದ್ರ ಛಲೋ ಇತ್ತು," ಎಂದೆ.

"ಉಣ್ಣಾಕ ಕುಂತು ಸೀರಿ ಯಾಕ ನೆನಸ್ತಿ?"

ನಗುತ್ತಾ ಎಲ್ಲ ಬಿಡಿಸಿ ಹೇಳಿದೆ. ಅವಳು ನಗಲಿಲ್ಲ. "ಅರ್ಜಿ ಹಾಕ್ತಿ ಹೌದಿಲ್ಲ?" ಎಂದಳು.

"ಹಾಕುವ ಅವ್ವಾ."

ತೋಡಾರಿನಲ್ಲಿ ಹಾಗೆಂದರೆ ಹಾಕೋಣ, ನೋಡೋಣ ಎಂದು. ಆ ಮಾತು ನನ್ನ ಬಾಯಿಗೆ ಯಾವಾಗ ಬಂದು ಕೂತಿತೋ ನನಗೇ ಗೊತ್ತಿರಲಿಲ್ಲ. ಅವ್ವ ಸೌಟು ಕೆಳಗಿಟ್ಟಳು.

"ಹಾಕುವ ಅಂದ್ರ? ಬರ್ತಿಯೋ ಇಲ್ಲೋ, ನಮ್ಮ ಮಾತಿನ್ಯಾಗ ಹೇಳವ್ವಾ."